ಹೊಂಗೆಣ್ಣೆಯ ಕೈ

“ಗೋಡೆ ಮುಟ್ಬ್ಯಾಡ ಕಣೇ ಮುಂಡೇ. ನೇರಾ ಓಗಿ ಹಚ್ಚು, ನೇರಾ ಎದ್ದು ಓಗು.”

ವೆಂಕಟಾಚಲಂ ಹಿತ್ತಿಲ ಬಾಗಿಲಲ್ಲಿ ನಿಂತು ಗದರಿದ. ರಾಜಾತಿ ಎಣ್ಣೆ ಬಟ್ಟಲು ಹಿಡಿದು, ಮೈ ಕುಗ್ಗಿಸಿಕೊಂಡು ಒಳಗೆ ಹೋದಳು. ಕಾರಿಮಂಗಲಂ ದಾಟಿದರೆ ಸಿಗುವ ಆ ಊರಲ್ಲಿ, ಊರಾಚೆಯ ಕಾಲೊನಿಯವರು ಈ ಮನೆಯ ಹೊಸ್ತಿಲು ತುಳಿದವರಲ್ಲ, ಒಬ್ಬಳನ್ನು ಬಿಟ್ಟು. ಅವಳು ರಾಜಾತಿಯ ಅವ್ವ ಪಾಪಮ್ಮ. ವೆಂಕಟಾಚಲಂನ ತಾಯಿ ವಳ್ಳಿಯಮ್ಮನ ಮೈಯೆಲ್ಲ ಕಜ್ಜಿಯೆದ್ದು ಕೀವು ಸೋರತೊಡಗಿದಾಗ ಸೊಸೆಯರು ಮೂಗು ಮುಚ್ಚಿಕೊಂಡು ದೂರ ಸರಿದರು. ಪಾಪಮ್ಮನೇ ದಿನವೂ ಬಂದು ಹೊಂಗೆಣ್ಣೆ ತಿಕ್ಕುತ್ತಿದ್ದಳು.

ಹೊಂಗೆಮರ ವೆಂಕಟಾಚಲಂನ ಅಂಗಳದಾಚೆಯ ಕಣದ ಅಂಚಿಗಿತ್ತು. ನೆಲ ಬಿರಿಯುವ ಬೇಸಿಗೆಯಲ್ಲೂ ಅದು ಹಸುರು. ಕುರಿಯ ಗಾಯಕ್ಕೆ, ಮಕ್ಕಳ ತುರಿಗೆ, ಮುದುಕರ ಕೀಲುನೋವಿಗೆ ಕಾಲೊನಿಯವರು ಅದರ ಕಾಯಿ ಆಯುತ್ತಿದ್ದರು. ಹಲ್ಲುಜ್ಜಲೂ ಅದರದೇ ಕಡ್ಡಿ. ಈ ಚಿತ್ರೈ ತಿಂಗಳ ಸುಡುಬಿಸಿಲಲ್ಲಿ ಪಾಪಮ್ಮ ವಳ್ಳಿಯಮ್ಮನಿಗೆಂದು ಆಯ್ದ ಕಾಯಲ್ಲಿ ಒಂದಿಷ್ಟನ್ನು ತನ್ನ ಮಡಿಲಿಗೂ ಕಟ್ಟಿಕೊಂಡಿದ್ದನ್ನು ವೆಂಕಟಾಚಲಂ ಕಂಡ. ಕಳ್ಳಿ ಎಂದು ಅದೇ ಮರಕ್ಕೆ ಕಟ್ಟಿಸಿದ. ಯಾರೂ ನೀರು ಕೊಡಕೂಡದೆಂದ. ಅವಳ ಕೂಗು ಒಳಗೆ ಮಲಗಿದ್ದ ವಳ್ಳಿಯಮ್ಮನಿಗೂ ಕೇಳುತ್ತಿತ್ತು. ಹೊತ್ತಿಳಿದ ಮೇಲೆ ಬಿಚ್ಚಿದರು. ಕತ್ತು ಆಗಲೇ ವಾಲಿತ್ತು. ಕಾಯಿ ಆಯುವಾಗ ತಲೆ ಸುತ್ತಿ ಬಿದ್ದಳೆಂದು ಸ್ಟೇಷನ್ನಿನಲ್ಲಿ ಬರೆದುಕೊಂಡರು. ಹೆಣ ತೊಳೆಯುವಾಗ ರಾಜಾತಿ ಹಗ್ಗ ಕೊರೆದ ತೋಳುಗಳಿಗೆ ಹೊಂಗೆಣ್ಣೆಯನ್ನೇ ಹಚ್ಚಿದ್ದಳು, ಮಾಯುವ ಗಾಯವಲ್ಲವೆಂದು ಗೊತ್ತಿದ್ದೂ.

ಅಂದಿನಿಂದ ವಳ್ಳಿಯಮ್ಮ ಯಾರ ಕೈಯನ್ನೂ ಸೋಕಗೊಡಲಿಲ್ಲ. ಪಾಪಮ್ಮ ಹಾಡುಹಗಲೇ ಬಂದು ಕಾಲ ಬಳಿ ಕೂರುತ್ತಾಳೆ, ಕೈ ಮಾತ್ರ ಮುಂದೆ ಚಾಚುವುದಿಲ್ಲ ಎಂದು ಅರಚುತ್ತಿದ್ದಳು. ಅದಕ್ಕೇ ಪಾಪಮ್ಮನ ಮಗಳನ್ನು ಕರೆಸಿದ್ದು. ಬರುವುದಿಲ್ಲವೆಂದಿದ್ದ ರಾಜಾತಿ, ಕಾಲೊನಿಯ ನೀರಿನ ಮೋಟರ್ ನಿಲ್ಲಿಸುತ್ತೇನೆಂದು ವೆಂಕಟಾಚಲಂ ಹೆದರಿಸಿದ ಮೇಲೆ ಬಂದಳು.

ಮುದುಕಿಗೆ ಕಣ್ಣು ಮಂಜು. ಎಣ್ಣೆಯ ಕಮಟು ವಾಸನೆಗೆ ಮೂಗರಳಿಸಿದಳು. ಬೆನ್ನ ಮೇಲೆ ಕೈಯಿಟ್ಟ ಕೂಡಲೇ ನರಳಾಟ ನಿಂತಿತು.

“ಬಂದ್ಯಾ ಪಾಪಮ್ಮಾ? ನಿನ್ನ ಬಿಚ್ಚಿದ್ರಾ?”

ರಾಜಾತಿ ತಲೆಯೆತ್ತಿದಳು. ಹೂಂ ಅನ್ನು ಎಂಬಂತೆ ವೆಂಕಟಾಚಲಂ ಕಣ್ಣು ಕೆಕ್ಕರಿಸಿದ. ಅವಳು ಅವನ ಮುಖವನ್ನೇ ನೋಡುತ್ತ, ಅವ್ವನ ದನಿಯಲ್ಲಿ ಹೇಳಿದಳು.

“ಇಲ್ಲ ಅಮ್ಮಣ್ಣೀ. ನಿಮ್ ಮಗ ಇನ್ನೂ ಬಿಚ್ಚಿಲ್ಲ. ಮರದ್ತಾವೇ ಇವ್ನಿ.”

ತಿಂಗಳುಗಳಿಂದ ನೆಲ ಮೆಟ್ಟದಿದ್ದ ವಳ್ಳಿಯಮ್ಮ ಚಾಪೆಯಿಂದ ಉರುಳಿದಳು. ತೆವಳುತ್ತ ಹೊಸ್ತಿಲು ದಾಟಿದಳು, ಅಂಗಳ ದಾಟಿದಳು. ಅಡ್ಡ ಬಂದ ಮಗನ ಕಾಲನ್ನು ಕಚ್ಚಿದಳು. ಅವನು ಎತ್ತಲು ಹೋದರೆ ಎಣ್ಣೆಗೆ ಕೈ ಜಾರಿತು. ಕಣದಲ್ಲಿದ್ದ ಆಳುಗಳು ಕೆಲಸ ಬಿಟ್ಟು ನೋಡುತ್ತ ನಿಂತರು.

“ಏನ್ ನೋಡ್ತೀಯೇ ಸೂಳೆಮಗಳೇ, ಸೀಕ್ರಂ ಬಂದು ಇಡ್ಕಾ” ಎಂದು ಅವನು ಏದುತ್ತ ರಾಜಾತಿಗೆ ಹೇಳಿದ.

“ನೀನ್ ಕಟ್ಟಿದ್ದು. ನೀನೇ ಬಿಚ್ಚು” ಎಂದಳು ರಾಜಾತಿ. ಕಾಲೊನಿಯ ಬಾಯಿಂದ ಅವನು ‘ನೀನು’ ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ವಳ್ಳಿಯಮ್ಮ ಮರ ಮುಟ್ಟಿದ್ದಳು. ಬರಿಯ ತೊಗಟೆಯ ಮೇಲೆ ಬೆರಳಾಡಿಸುತ್ತ ಗಂಟು ಹುಡುಕುತ್ತಿದ್ದಳು. ಉಗುರು ಕಿತ್ತು ರಕ್ತ ಬಂದರೂ ಬಿಡದೆ ಮೆಲ್ಲಗೆ ಹೇಳುತ್ತಲೇ ಇದ್ದಳು:

“ತಾಳ್ಕಾ ಪಾಪಮ್ಮಾ, ಗಂಟು ಸಿಕ್ಕೈತೆ. ತಾಳ್ಕಾ.”