ಬಯೋಡಾಟಾದಲ್ಲಿ ಇನ್ನೂರು ಕುರಿ

ಅಜ್ಜಿ ಕಂಬಳಿಯ ಒಂದು ತುದಿ ಹಿಡಿದಿದ್ದಳು, ನಾನು ಇನ್ನೊಂದು. ಉಣ್ಣೆಗೆ ಕಚ್ಚಿಕೊಂಡ ಉತ್ತರಾಣಿ ಮುಳ್ಳುಗಳನ್ನು ಕಿತ್ತು ಮೊರಕ್ಕೆ ಹಾಕುತ್ತಿದ್ದೆವು. ನನ್ನ ಕಿವಿ ಮಾತ್ರ ಕಟ್ಟೆಯ ಮೇಲೆ ಮೊಬೈಲ್ ಹಿಡಿದು ಕೂತಿದ್ದ ಪ್ರಭುರಾಜಣ್ಣನ ಕಡೆಗಿತ್ತು. ಅವನು ನನ್ನ ಬಯೋಡಾಟಾ ಬರೆಯುತ್ತಿದ್ದ.

ರಾಯಚೂರಿನ ಈ ಮನೆ ದೊಡ್ಡವ್ವನದು. ಪ್ರಭುರಾಜ ಅವಳ ಮಗ, ಯರಗೇರಾದಲ್ಲಿ ಎಂ.ಕಾಂ ಓದುತ್ತಾನೆ. ನಾನು ಮತ್ತು ಅಜ್ಜಿ ಮಾರೆಮ್ಮ ದೇವದುರ್ಗದ ಕಡೆಯ ಅರಕೇರಾದವರು. ಅಜ್ಜಿಯ ಕಣ್ಣು ತೋರಿಸಲು ಬಂದಿದ್ದೆವು. ಮಾನ್ವಿ ರಸ್ತೆಯಲ್ಲಿ ಹೊಸದೊಂದು ಕುರಿ ಫಾರ್ಮ್ ಆಗಿದೆ, ಮರಿ ನೋಡಿಕೊಳ್ಳಲು ಹೆಣ್ಣುಮಗಳು ಬೇಕಂತೆ, ಇರಲು ಕೋಣೆಯನ್ನೂ ಕೊಡುತ್ತಾರಂತೆ ಎಂಬ ಸುದ್ದಿ ತಂದವನು ಅವನೇ. ಬಯೋಡಾಟಾ ಸಂಜೆಯೊಳಗೆ ವಾಟ್ಸಪ್ ಮಾಡಬೇಕಿತ್ತು. ಇಲ್ಲದಿದ್ದರೆ ಬೆಳಿಗ್ಗೆ ಅಜ್ಜಿಯ ಜೊತೆ ಬಸ್ಸು ಹತ್ತಿ ಮತ್ತೆ ಹಿಂಡಿನ ಹಿಂದೆ ಹೋಗಬೇಕು. ಶಾಲೆ ಬಿಟ್ಟಾಗಿನಿಂದ ಕುರಿಗಳ ಜೊತೆ ಯಾರ್ಯಾರದೋ ಹೊಲದಲ್ಲಿ ಮಲಗಿದ್ದೇನೆ. ನಿದ್ದೆಯಲ್ಲೂ ಹೊದಿಕೆ ಬಿಗಿಹಿಡಿದುಕೊಂಡಿರುವುದು ಸಾಕಾಗಿತ್ತು. ಒಳಗಿನಿಂದ ಚಿಲಕ ಹಾಕುವ ಕೋಣೆ ನನಗೆ ಬೇಕಿತ್ತು.

"ಲೇ ನೇತ್ರಾ, ಕುರಿ ಕಾಯ್ತಿದ್ದೆ ಅಂತ ಬರದ್ರ ಯಾರೂ ಕರಿಯಂಗಿಲ್ಲ. 'ಕುರಿ ಪಾಲನೆಯ ಮೇಲ್ವಿಚಾರಣೆಯಲ್ಲಿ ದೀರ್ಘ ಅನುಭವ.' ಹೆಂಗದ?"

ಅದು ನನ್ನ ಬಗ್ಗೆ ಬರೆದದ್ದು ಅನ್ನಿಸಲಿಲ್ಲ. "ತಾಯಿ ಒಲ್ಲೆ ಅಂದ ಮರಿನ್ನ ಬ್ಯಾರೆ ಕುರಿಗಿ ಕೂಡಿಸಿ ಹಾಲು ಕುಡಸ್ತೀನಲ್ಲ, ಅದು..." ಎಂದೆ.

"ಅದನ್ನೆಲ್ಲ ಯಾರು ಓದ್ತಾರ? ನಂಬರ್ ಬೇಕು, ನಂಬರ್. ಎಷ್ಟು ಕುರಿ ಅದಾವ ನಿಮ್ಮವು?"

ಅಜ್ಜಿಯ ಕೈ ನಿಂತಿತು. ನಮ್ಮ ಮನೆಯಲ್ಲಿ ಕುರಿಯ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಹಿಂಡು ಕರಗುತ್ತದೆ. ಲಸಿಕೆ ಹಾಕಲು ಬಂದ ಡಾಕ್ಟರಿಗೂ ಅಜ್ಜಿ "ಒಂದಿಷ್ಟು ಅದಾವ್ರಿ" ಎಂದೇ ಹೇಳಿದ್ದಳು.

"ಹಟ್ಟಿ ತುಂಬ ಅದಾವ ಅಂತ ಬರಿ," ಎಂದಳು.

"ಹಟ್ಟಿ ತುಂಬ ಅಂದ್ರ ಎಷ್ಟು ಯವ್ವಾ?"

"ಹಟ್ಟಿ ತುಂಬ ಅಂದ್ರ ಹಟ್ಟಿ ತುಂಬ. ಇಷ್ಟು ಓದೀದಿ, ಅಷ್ಟು ತಿಳಿಯಂಗಿಲ್ಲೇನು?"

ಅವನು ನಕ್ಕ. "ಹಂಗಾದ್ರ ಇನ್ನೂರು ಅಂತ ಹಾಕ್ತೀನಿ. ಖರೇ ಲೆಕ್ಕ ಅಲ್ಲಲ್ಲ, ಸುಳ್ಳು ಲೆಕ್ಕಕ್ಕ ದಿಟ್ಟಿ ತಾಗಂಗಿಲ್ಲ ಬಿಡು."

"ಹೆಚ್ಚಿದ್ದವು ನೀ ಹೇಳಿದಷ್ಟಕ್ಕ ಇಳದ್ರ? ನೀ ಬಂದು ಈಯ್ತಿ ಏನೋ?"

ನನಗೂ ನಗು ಬಂತು, ಆದರೂ ಬೇಡ ಅನ್ನಬೇಕಿತ್ತು. ಅನ್ನುವಷ್ಟರಲ್ಲಿ ಅವನು ಕಳಿಸಿಬಿಟ್ಟಿದ್ದ. ಅಜ್ಜಿ ದಿಟ್ಟಿ ತಾಗದಿರಲೆಂದು ನೆಲಕ್ಕೆ ಉಗುಳಿ, ಕಂಬಳಿ ಎಳೆದುಕೊಂಡು ಒಳಗೆ ಹೋದಳು.

ನಾನು ಎದ್ದೆ, ಕೂತೆ. ಅಂಗಳ ಗುಡಿಸಿದೆ. ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ. "ಬಂತೇನಣ್ಣ?" ಎಂದು ಕೇಳಲು ನಾಚಿಕೆಯಾಗಿ, ಅವನ ಮುಖವನ್ನೇ ನೋಡುತ್ತಿದ್ದೆ. ಆ ಮುಖ ಸಣ್ಣದಾದಾಗ ಉತ್ತರ ಬಂದಿದೆ ಎಂದು ಗೊತ್ತಾಯಿತು.

ಫಾರ್ಮಿನವರು ಬರೆಯದೆ, ಮಾತನ್ನೇ ರೆಕಾರ್ಡ್ ಮಾಡಿ ಕಳಿಸಿದ್ದರು. ಅವನು ಅದನ್ನು ಹಚ್ಚಿದ, ಗಂಡಸಿನ ದನಿ. "ಇನ್ನೂರು ಕುರಿ ಇಟ್ಟಗೊಂಡ ಮನಿಯವರು ನಮ್ಮ ಹತ್ರ ಹಿಕ್ಕಿ ಬಳಿಯಾಕ ಬರ್ತೀರೇನ್ರಿ ಅಕ್ಕಾರ? ಇದು ಬಡವರಿಗಿ ಇಟ್ಟ ಕೆಲಸ. ಕುರಿ ಮಾರೂದಿದ್ರ ಹೇಳ್ರಿ, ಗಾಡಿ ಕಳಸ್ತೀವಿ."

"ನಾ ಛಲೋ ಆಗ್ಲಿ ಅಂತನ..." ಎಂದ ಅಣ್ಣ.

ಅವನ ಕೈಯಿಂದ ಮೊಬೈಲ್ ತೆಗೆದುಕೊಂಡೆ. ಗುರುತಿಲ್ಲದ ಗಂಡಸಿನ ಜೊತೆ ನಾನು ಎಂದೂ ಫೋನಿನಲ್ಲಿ ಮಾತಾಡಿದವಳಲ್ಲ. ಮಾತು ರೆಕಾರ್ಡ್ ಮಾಡುವ ಗುಂಡಿ ಒತ್ತಿ ಹಿಡಿದೆ.

"ಸರ್, ನಾನು ನೇತ್ರಾವತಿ ಮಾತಾಡಾಕತ್ತೀನ್ರಿ. ಕುರಿ ನಮ್ಮ ಅಜ್ಜಿವು, ನನ್ನವಲ್ರಿ. ನಾ ಕಾಯಾಕಿ ಅಷ್ಟ. ನನಗ ಕೆಲಸ ಬೇಕಾಗ್ಯದ. ಒಂದ್ಸಲ ಕರೀರಿ."

ಎರಡು ಗೀಟು ನೀಲಿಯಾದವು, ಅವರು ನೋಡಿದ್ದರು, ಉತ್ತರ ಮಾತ್ರ ಬರಲಿಲ್ಲ. ಮಬ್ಬುಗತ್ತಲಾಗುವವರೆಗೂ ಮೊಬೈಲ್ ನನ್ನ ಕೈಯಲ್ಲೇ ಇತ್ತು. ಮತ್ತೆ ಗುಂಡಿ ಒತ್ತಿದೆ.

"ಸರ್, ಒಂದ್ಸಲ ಕರೀರಿ."