ಹದಿಮೂರನೇ ಮನೆಯ ಹಂಸಗಳು

ನಮ್ಮಪ್ಪ ಕಾಳಯ್ಯನವರಿಗೆ ಎಪ್ಪತ್ತಮೂರು. ಅರಸೀಕೆರೆಯ ಜನ ಅವರ ಕೈಲಿ ಬಾಗಿಲು ಕೆತ್ತಿಸುವುದನ್ನು ಬಿಟ್ಟು ರೆಡಿಮೇಡ್ ಅಂಗಡಿಗೆ ಹೋದ ಮೇಲೆ, ಎರಡು ವರ್ಷ ಜಗುಲಿಯ ಮೇಲೆ ಕೂತು ಹೋಗಿಬರುವ ಬಸ್ಸುಗಳ ಮೇಲ್ವಿಚಾರಣೆ ಮಾಡುತ್ತಿದ್ದರು. ಹಿಂದಿನ ಕೊಟ್ಟಿಗೆಯಲ್ಲಿ ನಾನು ಗಿಟಾರ್ ಮಾಡುತ್ತೇನೆ. ಊರಿನವರ ಪ್ರಕಾರ ಅದು ಕೆಲಸವಲ್ಲ, ಹುಚ್ಚು. ಅಪ್ಪನ ಪ್ರಕಾರವೂ ಅಷ್ಟೇ, ಬೇಲೂರಿನ ಹೇಮಾಶ್ರೀ ಬರುವವರೆಗೆ.

ಹೇಮಾಶ್ರೀ ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುವ ಹುಡುಗಿ. ಗಿಟಾರಿನ ಕುತ್ತಿಗೆಯ ಪಟ್ಟಿಯಲ್ಲಿ ಅಡ್ಡ ಕಂಬಿಗಳ ನಡುವೆ ಬೆರಳಿಡುವ ಜಾಗಕ್ಕೆ ಮನೆ ಎನ್ನುತ್ತೇವೆ. ಆ ಮನೆಗಳ ಗುರುತಿಗೆ ಎಲ್ಲರ ಗಿಟಾರಿನಲ್ಲಿರುವ ಚುಕ್ಕಿ ಆಕೆಗೆ ಬೇಡವಂತೆ. ಹಳೇಬೀಡಿನ ಗೋಡೆಯ ಹಂಸಗಳು ಬೇಕಂತೆ, ಅದೂ ಹಲಸಿನ ಪಟ್ಟಿಯಲ್ಲಿ ಕೂರಿಸಿದ ತೆಂಗಿನ ಕರಟದ್ದು. ಮೂರು, ಐದು, ಏಳು, ಒಂಬತ್ತನೇ ಮನೆಗೆ ಒಂದೊಂದು, ಹನ್ನೆರಡಕ್ಕೆ ಜೋಡಿ. ಸ್ಟೇಜಿನ ಮೇಲೆ ಅದನ್ನು ನೋಡಿಕೊಂಡೇ ಬೆರಳಿಡುವುದು.

"ಮಿಷಿನ್‌ನಲ್ಲಿ ಕತ್ತರಿಸಿ ತರಿಸ್ತೀನಿ" ಎಂದೆ.

"ಯಾಕ್ಲಾ, ನನ್ ಕೈ ಸತ್ತೋಗೈತಾ?" ಎಂದರು ಅಪ್ಪ, ಜಗುಲಿಯಿಂದಲೇ.

ಆ ಹುಡುಗಿಯ ಮುಂದೆ ಇಲ್ಲವೆನ್ನಲಾಗಲಿಲ್ಲ. ಆಕೆ ಹೋದ ಮೇಲೆ ಕಡ್ಡಿ ಮುರಿದಂತೆ ಹೇಳಿದೆ. "ಇದೊಂದು ಕೆಟ್ರೆ ನೀವು ಮತ್ತೆ ಜಗುಲಿಗೇ. ಆಮೇಲೆ ಉಳಿ ಮುಟ್ಟಂಗಿಲ್ಲ." ಅವರು ತಲೆಯಾಡಿಸಿದರು.

ಶುರುವಾಯಿತು ವೈಭವ. ಹಂಸ ನೋಡಲು ಬಸ್ಸು ಹತ್ತಿ ಹಳೇಬೀಡಿಗೆ ಹೋದರು, ಒಂದು ಸಲವಲ್ಲ, ಮೂರು ಸಲ. ಮೊಬೈಲಿನಲ್ಲಿ ಫೋಟೊ ತೋರಿಸಿದರೆ ಕೊಕ್ಕು ಸರಿಯಾಗಿ ಕಾಣುವುದಿಲ್ಲವಂತೆ. ಬಾದಾಮಿ ಬೀಜದಷ್ಟು ಹಂಸಕ್ಕೆ ಕೊಕ್ಕು ಕಂಡರೆಷ್ಟು, ಬಿಟ್ಟರೆಷ್ಟು? ಕರಟ ಉಜ್ಜಿ ಚಪ್ಪಟೆ ಮಾಡಿ, ಸಣ್ಣ ಗರಗಸದಲ್ಲಿ ಕೊರೆದರು. ಐದು ದಿನಕ್ಕೊಂದು ಹಂಸ. ಹೊಯ್ಸಳರು ಇದಕ್ಕಿಂತ ಬೇಗ ದೇವಸ್ಥಾನ ಮುಗಿಸಿರಬೇಕು ಎಂದು ಕೇಳಿಸುವ ಹಾಗೆಯೇ ಅಂದೆ. ಅವರು ಕೇಳಿಸದವರ ಹಾಗೆ ಉಜ್ಜಿದರು.

ಗುರುತು ಹಾಕುವ ದಿನ ಮಾತ್ರ ಅವರ ಕನ್ನಡಕವನ್ನು ನಂಬದೆ, ಮನೆಗಳನ್ನು ನಾನೇ ಎಣಿಸಿ ತೋರಿಸಿದೆ. ಅವರು ಪೆನ್ಸಿಲ್ ಎಳೆದರು. ಇದುವರೆಗೆ ಚುಕ್ಕಿ ಹಾಕಿದ ಪಟ್ಟಿಯನ್ನೇ ತರಿಸುತ್ತಿದ್ದವನು ನಾನು, ಆದರೂ ತಿಳಿದವರು ಒಬ್ಬರು ಇರಬೇಕಲ್ಲ.

ಭಾನುವಾರ ಹೇಮಾಶ್ರೀ ಬಂದಳು. ಹಂಸಗಳನ್ನು ಬೆರಳಲ್ಲಿ ಸವರಿ, "ಅಜ್ಜ, ಸಕ್ಕತ್ತಾಗಿದೆ" ಎಂದಳು. ಅಪ್ಪನ ಮುಖ ನೋಡಬೇಕಿತ್ತು. ನನ್ನ ಮಗಳು ಹುಟ್ಟಿದಾಗಲೂ ಅಷ್ಟು ಅರಳಿರಲಿಲ್ಲ.

ಆಮೇಲೆ ನುಡಿಸಿದಳು. ಅಪಸ್ವರ. ಹಂಸ ನೋಡಿಕೊಂಡು ಮತ್ತೆ ನುಡಿಸಿದಳು. ಮತ್ತೆ ಅಪಸ್ವರ.

"ಅಣ್ಣಾ, ಮೊದಲ್ನೇ ಹಂಸ ನಾಲ್ಕನೇ ಮನೇಲಿದೆ. ಎಲ್ಲಾ ಒಂದೊಂದು ಮನೆ ಮುಂದೆ ಹೋಗಿದೆ. ಜೋಡಿ ಹದಿಮೂರಲ್ಲಿದೆ."

ನನ್ನ ಪಿತ್ತ ನೆತ್ತಿಗೇರಿತು. "ಕೊಕ್ಕು ನೋಡೋಕೆ ಮೂರು ಸಲ ಹಳೇಬೀಡಿಗೆ ಹೋದವ್ರಿಗೆ ಮೂರರವರೆಗೆ ಎಣಿಸೋಕೆ ಬರಲಿಲ್ವಾ? ಬನ್ನಿ, ಹೇಳ್ಕೊಡ್ತೀನಿ" ಎಂದು ಗಿಟಾರ್ ಕಿತ್ತುಕೊಂಡು, ಮನೆಗಳ ಮೇಲೆ ಬೆರಳಿಡುತ್ತಾ ತುಟಿಯೊಳಗೆ ಎಣಿಸಿದೆ. ಲಾಭ, ಒಂದು, ಎರಡು, ಮೂರು.

ಬೆರಳು ಹಂಸದ ಮೇಲೇ ಬಂದು ನಿಂತಿತು. ನಮ್ಮ ಮನೆಯಲ್ಲಿ ತೆಂಗಿನಕಾಯಿ ಎಣಿಸುವುದು ಹಾಗೆ. ಮೊದಲ ಕಾಯಿಗೆ ಲಾಭ ಎಂದು ಹೇಳಿ ದೇವರಿಗೆ ಪಕ್ಕಕ್ಕಿಟ್ಟು, ಒಂದು ಎನ್ನುವುದು ಎರಡನೆಯದರಿಂದ. ಚಿಕ್ಕಂದಿನಿಂದ ರಾಶಿ ರಾಶಿ ಕಾಯಿ ಎಣಿಸಿದ ನಾಲಿಗೆ, ಗುರುತಿನ ದಿನ ಗಿಟಾರಿನ ಮೊದಲ ಮನೆಯನ್ನೂ ದೇವರಿಗೆ ಬಿಟ್ಟಿತ್ತು.

ಅಪ್ಪ ನನ್ನ ತುಟಿಯನ್ನೇ ನೋಡುತ್ತಿದ್ದರು. ಅವರಿಗೆ ಗೊತ್ತಾಯಿತು. ನನಗೆ ಗೊತ್ತಾದದ್ದೂ ಗೊತ್ತಾಯಿತು.

"ನಂದೇ ತಪ್ಪು ಕಣವ್ವ. ಕಣ್ಣು ಮಂಜು" ಎಂದರು ಹೇಮಾಶ್ರೀಗೆ. "ಬೇರೆ ಪಟ್ಟಿಗೆ ಮಿಷಿನ್‌ದು ಹಾಕ್ಕೊಡ್ತಾನೆ ನನ್ ಮಗ. ಅವನ ಕೆಲ್ಸ ಅಚ್ಚುಕಟ್ಟು."

"ಪರವಾಗಿಲ್ಲ ಅಜ್ಜ, ವಯಸ್ಸಾಯ್ತಲ್ಲ" ಎಂದಳು ಅವಳು, ಪಾಪ, ಒಳ್ಳೆಯ ಮನಸ್ಸಿನಿಂದ. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟು ದಿನ ಆಗುತ್ತೆ ಅಣ್ಣಾ?"

"ಎಣಿಸಿದ್ದು ನಾನು" ಎನ್ನಬೇಕಿತ್ತು. ಎರಡೇ ಪದ.

"ಒಂದು ವಾರ" ಎಂದೆ.

ಅಪ್ಪ ಗರಗಸ, ಉಳಿಗಳನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ ನನ್ನ ಮುಂದೆ ಹಿಡಿದರು. ನಾನು ಇಸಿದುಕೊಂಡೆ.