ಬಿಸಿಲಿಗೆ ಬೆನ್ನು ಕೊಟ್ಟ ಪೆಟ್ಟಿಗೆ

"ಅಕ್ಕಾ, ಇಲ್ನೋಡೇ, ಮೂವತ್ತಾರೂವರೆ ಡಿಗ್ರಿ! ಬೆಳಗ್ಗೆಯಿಂದ ಒಂಚೂರೂ ಅಲ್ಲಾಡಿಲ್ಲ," ಎಂದು ತಂಗಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯ ಮೇಲಿನ ಅಂಕಿಯನ್ನು ತೋರಿಸಿದಳು. ಆ ಹೆಮ್ಮೆ ನೋಡಿದರೆ, ಮಗು ಆಗಲೇ ಯಾವುದೋ ಪರೀಕ್ಷೆ ಪಾಸು ಮಾಡಿದೆ ಎನ್ನಬೇಕು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ಹೊಟ್ಟೆಯ ಮೇಲೊಂದು ತಂತಿ ಅಂಟಿಸಿಕೊಂಡು ಒಳಗೆ ಮಲಗಿತ್ತು.

ಅಕ್ಕ ಅಂಕಿಯನ್ನು ನೋಡಲಿಲ್ಲ, ಪೆಟ್ಟಿಗೆಯ ಹಿಂಬದಿಯನ್ನು ನೋಡಿದಳು. ಕಿಟಕಿಯ ಪರದೆಯನ್ನು ಒಗೆಯಲು ಒಯ್ದಿದ್ದರು. ಮಧ್ಯಾಹ್ನದ ಬಿಸಿಲು ನೆಟ್ಟಗೆ ಬಂದು ಹಿಂದಿನ ತಗಡಿನ ಮುಚ್ಚಳಕ್ಕೆ ಬಡಿಯುತ್ತಿತ್ತು. ಬೆರಳು ತಾಗಿಸಿದವಳು ಸರಕ್ಕನೆ ಹಿಂದೆಗೆದಳು.

ಆ ಮುಚ್ಚಳದೊಳಗಿನ ಸರ್ಕ್ಯೂಟನ್ನು ರೂಪಿಸಿದವಳು ಅವಳೇ. ಮಗುವಿನ ಮೈಬಿಸಿ ತಂತಿಯಲ್ಲಿ ಸಣ್ಣ ವೋಲ್ಟೇಜಾಗಿ ಬರುತ್ತದೆ. ಒಳಗಿನ ಎಲೆಕ್ಟ್ರಾನಿಕ್ ಚಿಪ್ಪು ಅದನ್ನು ತನ್ನಲ್ಲಿರುವ ಒಂದು ಸ್ಥಿರ ವೋಲ್ಟೇಜಿಗೆ ಹೋಲಿಸಿ ಅಂಕಿಯಾಗಿ ಬದಲಾಯಿಸುತ್ತದೆ. ಆದರೆ ಚಿಪ್ಪೇ ಕಾದರೆ? ಸ್ಥಿರವೆಂದು ನಂಬಿದ ಆ ಅಳತೆಕೋಲೇ ಹಿಗ್ಗುತ್ತದೆ, ಅಂಕಿ ಕಡಿಮೆ ಬರುತ್ತದೆ. ಮಗು ತಣ್ಣಗಿದೆ ಎಂದುಕೊಂಡ ಪೆಟ್ಟಿಗೆ ಇನ್ನಷ್ಟು ಬಿಸಿ ಊದುತ್ತದೆ. ಅಪಾಯದ ಗಂಟೆಯೂ ಕೂಗದು, ಅದೂ ಇದೇ ಅಂಕಿಯನ್ನು ನಂಬಿ ಕೂತಿರುತ್ತದೆ. ಲ್ಯಾಬಿನಲ್ಲಿ ಚಿಪ್ಪನ್ನು ಕಾಯಿಸಿ ನೋಡಿದ್ದರು ನಿಜ. ಮುಚ್ಚಳ ಹಾಕಿ, ಪಕ್ಕದಲ್ಲಿ ಹೀಟರ್ ಉರಿಸಿ, ಮೇಲೆ ಬಿಸಿಲು ಬಿಟ್ಟು ಯಾರೂ ನೋಡಿರಲಿಲ್ಲ.

"ಸಿಸ್ಟರ್, ಒಂದ್ಸಲ ಥರ್ಮಾಮೀಟರ್ ಇಟ್ಟು ನೋಡ್ತೀರಾ?"

"ಯಾಕಮ್ಮ? ಚೆನ್ನಾಗೇ ತೋರಿಸ್ತಿದೆಯಲ್ಲ," ಎಂದಳು ನರ್ಸ್, ಕೈಯಲ್ಲಿದ್ದ ಬಟ್ಟೆ ಮಡಿಸುತ್ತಲೇ.

"ಅದು ಸುಳ್ಳು ತೋರಿಸ್ತಿರಬಹುದು."

"ನೀವೇನು ಡಾಕ್ಟ್ರಾ?"

"ಅಲ್ಲ. ಇದನ್ನ ಮಾಡಿದೋಳು."

ನರ್ಸ್ ಬಟ್ಟೆಯನ್ನು ಅಲ್ಲೇ ಬಿಟ್ಟು ಬಂದಳು. ಪೆಟ್ಟಿಗೆಯ ಕಿಂಡಿಯಲ್ಲಿ ಕೈ ತೂರಿಸಿ ಮಗುವಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಳು. ತಂಗಿ ಒಮ್ಮೆ ಅಕ್ಕನ ಮುಖ, ಒಮ್ಮೆ ನರ್ಸಿನ ಮುಖ ನೋಡುತ್ತಾ ನಿಂತಳು. ಥರ್ಮಾಮೀಟರ್ ಕೀಂ ಎಂದಿತು. ಅದನ್ನು ಓದಿದ ನರ್ಸ್ ಪೆಟ್ಟಿಗೆಯ ಹೀಟರ್ ಆರಿಸಿ, ಬಾಗಿಲು ತೆರೆದು, "ಡಾಕ್ಟ್ರನ್ನ ಕರೀರಿ!" ಎಂದು ಹೊರಗೆ ಕೂಗಿದಳು. ಮೂವತ್ತೆಂಟೂವರೆ. ಮೇಲಿನ ಅಂಕಿ ಮಾತ್ರ ಇನ್ನೂ ಮೂವತ್ತಾರೂವರೆ ಎನ್ನುತ್ತಲೇ ಇತ್ತು.

"ಬೇರೆ ಪೆಟ್ಟಿಗೆಗಳು," ಎಂದಳು ಅಕ್ಕ. "ಎಲ್ಲಾನೂ ನೋಡಿ ಸಿಸ್ಟರ್."

ಡಾಕ್ಟರು ತಂಗಿಯ ಮಗುವನ್ನು ನೋಡುತ್ತಿದ್ದಾಗ ನರ್ಸ್ ಒಂದೊಂದೇ ಪೆಟ್ಟಿಗೆಯ ಬಳಿ ಹೋದಳು. ಪ್ರತಿ ಸಲ ಆ ಕೀಂ ಸದ್ದಾಗುತ್ತಲೇ ಅಕ್ಕ ಬಗ್ಗಿ ಅಂಕಿ ಓದಿದಳು. ಗೋಡೆಯ ಕಡೆಯವು ಸರಿಯಿದ್ದವು. ಕಿಟಕಿಯ ಪಕ್ಕದ ಇನ್ನೊಂದು ಮಗುವಿನ ಮೈಯೂ ಕಾದಿತ್ತು. ಅದರ ತಾಯಿ ಊಟಕ್ಕೆಂದು ಹೊರಗೆ ಹೋಗಿದ್ದಳು.

ಅಕ್ಕ ಹೊರಗೆ ಬಂದು ಗೋಡೆಗೊರಗಿ ತನ್ನ ಕಂಪನಿಯ ಯಜಮಾನರಿಗೆ ಫೋನು ಮಾಡಿದಳು. ಎಂಥ ತೊಂದರೆ ಬಂದರೂ ಒಂದೇ ಮಾತು ಹೇಳುವ ಅವರಿಗೆ ಆಫೀಸಿನಲ್ಲಿ ‘ಆಗತ್ತೆಬಿಡಿ ಸಾರ್’ ಎಂದೇ ಹೆಸರು.

"ಕಿಟಕಿ ಪಕ್ಕ ಇಡಬೇಡಿ ಅಂತ ಎಲ್ಲ ಆಸ್ಪತ್ರೆಗೂ ಹೇಳಿಬಿಟ್ರೆ ಆಗತ್ತೆ ಬಿಡಿ," ಎಂದರು ಅವರು.

"ಆಗಲ್ಲ ಸಾರ್. ಪರದೆ ಒಗೆಯೋಕೆ ಹಾಕಿದ್ರು ಅಂತ ಒಂದು ಮಗು ಸಾಯಬಾರದು. ಎಲ್ಲಾ ಕಡೆ ಈ ಪೆಟ್ಟಿಗೆ ನಿಲ್ಲಿಸಬೇಕು, ಈಗಲೇ."

"ಯಾರ ಮಗು?" ಎಂದರು ಅವರು.

"ಒಂದು ನನ್ನ ತಂಗೀದು. ಇನ್ನೊಂದು ಯಾರದೋ ಗೊತ್ತಿಲ್ಲ."

ಅಂದೇ ಸಂಜೆಯೊಳಗೆ ಎಲ್ಲ ಆಸ್ಪತ್ರೆಗಳಿಗೂ ಪೆಟ್ಟಿಗೆ ನಿಲ್ಲಿಸಿ ಎಂಬ ಸುದ್ದಿ ಹೋಯಿತು. ಮಕ್ಕಳಿಬ್ಬರೂ ಉಳಿದುಕೊಂಡರು. ತಂಗಿ ಮಾತ್ರ ಗೋಡೆ ಕಡೆಯ ಬೇರೆ ಕಂಪನಿಯ ಪೆಟ್ಟಿಗೆಯ ಪಕ್ಕ ಕೂತು, ಅಕ್ಕನ ಕಡೆ ತಿರುಗದೆ ಕೇಳಿದಳು: "ನಮ್ಮ ಕಂಪನೀದೇ, ಹೆದರಬೇಡ ಅಂದಿದ್ಯಲ್ಲೇ?" ಆಮೇಲೆ ತಂಗಿ ಅವಳೊಡನೆ ಹೆಚ್ಚು ಮಾತಾಡಲಿಲ್ಲ.

ಲ್ಯಾಬಿನಲ್ಲಿ ಅಕ್ಕ ಊಟ ತಿಂಡಿ ಮರೆತು ಕೂತಳು. ಚಿಪ್ಪನ್ನು ಹೀಟರಿನಿಂದ ದೂರ ಸರಿಸಿದಳು. ತಂತಿಗೂ ಅಳತೆಕೋಲಿಗೂ ಒಂದೇ ಮೂಲದಿಂದ ವೋಲ್ಟೇಜು ಕೊಟ್ಟಳು. ಹಿಗ್ಗಿದರೆ ಎರಡೂ ಒಟ್ಟಿಗೇ ಹಿಗ್ಗಲಿ, ಹೋಲಿಕೆ ಕೆಡದಿರಲಿ ಎಂದು. ಅಪಾಯದ ಗಂಟೆಗೆ ಬೇರೆಯದೇ ಸರ್ಕ್ಯೂಟು ಹಾಕಿದಳು. ಮುಚ್ಚಳ ಹಾಕಿ ಕಾಯಿಸಿದಾಗ ಅಂಕಿ ಕದಲಲಿಲ್ಲ. ಜೊತೆಯವರು ಚಪ್ಪಾಳೆ ತಟ್ಟಿದರು. ಕದಲದ ಅಂಕಿಯನ್ನು ಕಂಡಷ್ಟೂ ಅವಳಿಗೆ ದಿಗಿಲು. ಕಾವನ್ನು ಇನ್ನಷ್ಟು ಏರಿಸಿ ನೋಡಿದಳು, ಬೇರೆ ಥರ್ಮಾಮೀಟರ್ ತಂದು ನೋಡಿದಳು, ಅದನ್ನೂ ನಂಬದೆ ಮತ್ತೊಂದನ್ನು ತಂದಳು.

ಮಗು ಪೆಟ್ಟಿಗೆಯಿಂದ ಹೊರಬಂದ ದಿನ ಅವಳು ಆಸ್ಪತ್ರೆಗೆ ಹೋದಾಗ ತಂಗಿ ಅದನ್ನು ಎದೆಗವಚಿಕೊಂಡು ಕೂತಿದ್ದಳು. ಅಕ್ಕ ಬಾಗಿಲಲ್ಲೇ ನಿಂತಳು.

"ಬಾ," ಎಂದಳು ತಂಗಿ. ಹೊದಿಕೆಯನ್ನು ಕೊಂಚ ಸರಿಸಿದಳು. "ಮೈ ಬಿಸಿ ಇದ್ಯಾ, ಮುಟ್ಟಿ ನೋಡು."

ಅಕ್ಕ ಆ ಪುಟ್ಟ ಬೆನ್ನಿನ ಮೇಲೆ ಅಂಗೈ ಇಟ್ಟಳು. ಸುಡುತ್ತಿದೆ ಎನ್ನಿಸಿತು. ಗಾಬರಿಯಿಂದ ಕೈ ತೆಗೆದು ತನ್ನ ಕೆನ್ನೆಗೆ ಒತ್ತಿಕೊಂಡಳು. ಕೈಯೇ ಮಂಜುಗಡ್ಡೆಯ ಹಾಗಿತ್ತು.

ಅವಳು ಎರಡೂ ಅಂಗೈಗಳನ್ನು ಉಜ್ಜಿದಳು, ಬಾಯಿಯ ಹತ್ತಿರ ಹಿಡಿದು ಉಸಿರು ಊದಿದಳು, ಮತ್ತೆ ಉಜ್ಜಿದಳು. ತಂಗಿ ಹೊದಿಕೆಯ ಅಂಚನ್ನು ಹಾಗೇ ಎತ್ತಿ ಹಿಡಿದು ಕಾದಳು.